ಊರೂರು ಸುತ್ತಿ ಹಳೇ ಕಲ್ಲು, ಗುಡಿ, ಮನೆಗಳ ಪಟ್ಟಿ ಮಾಡೋದು ಹೇಗೆ? ಶಿಕಾರಿಪುರ ತಾಲ್ಲೂಕಿನ ಅನುಭವದಿಂದ

ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಂಬ ಇದೆ. ಮಯೂರಶರ್ಮ ಕಂಚಿಗೆ ಓದಲು ಹೋಗಿ, ಅಲ್ಲಿ ಜಗಳವಾಗಿ, ಕೊನೆಗೆ ಕದಂಬ ರಾಜ್ಯ ಕಟ್ಟಿದ ಕಥೆ ನಮಗೆ ಸಿಕ್ಕಿದ್ದು ಆ ಕಂಬದ ಬರಹದಿಂದ. ಬಿ. ಎಲ್. ರೈಸ್ ಅವರು ಅದನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 7ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಈ ಕಂಬದ ನಂಬರು ಶಿಕಾರಿಪುರ 176. ಆಮೇಲೆ ಎಷ್ಟೋ ವಿದ್ವಾಂಸರು ಬಂದು ನೋಡಿ ಹೋದರು. 2013ರಲ್ಲಿ ಅದೇ ಗುಡಿಯ ಆವರಣದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಕನ್ನಡ ಬರಹ ಇರೋ ಸಿಂಹಕಟಾಂಜನದ ಕಲ್ಲು, ಅಂದರೆ ಮೆಟ್ಟಿಲ ಬದಿಯ ಸಿಂಹದ ಕೆತ್ತನೆಯ ಕಲ್ಲು, ಸಿಕ್ಕಿತು. ಇಲಾಖೆ ಅದರ ಕಾಲ ಕ್ರಿ.ಶ. 370 ಎಂದು ಹೇಳಿದೆ. ಅಲ್ಲಿಯವರೆಗೆ ಕನ್ನಡದ ಅತಿ ಹಳೇ ಶಾಸನ ಅಂತ ಎಣಿಸಿದ್ದ ಹಲ್ಮಿಡಿ ಶಾಸನದ ಕಾಲ ಸುಮಾರು 450. ಅಂದರೆ ಕನ್ನಡ ಬರಹದ ವಯಸ್ಸೇ ಹಿಂದಕ್ಕೆ ಸರಿಯಿತು.

ಇಷ್ಟು ಹೆಸರಾದ ಜಾಗದಲ್ಲೇ ಹೀಗಾದರೆ, ಬಸ್ಸೇ ಹೋಗದ ಊರುಗಳಲ್ಲಿ ಏನೇನು ಉಳಿದಿರಬಹುದು ಯೋಚನೆ ಮಾಡಿ. ಅದನ್ನೆಲ್ಲ ಅಗೆದು ತೆಗೆಯೋದು ನಮ್ಮ ಕೆಲಸ ಅಲ್ಲ. ನೆಲದ ಮೇಲೆ ಏನಿದೆ, ಎಲ್ಲಿದೆ, ಹೇಗಿದೆ, ಊರವರು ಅದನ್ನು ಏನಂತಾರೆ, ಇಷ್ಟನ್ನು ಸರಿಯಾಗಿ ಬರೆದಿಡೋದು ನಮ್ಮಂಥವರಿಂದ ಆಗುತ್ತೆ. ಮೇಷ್ಟ್ರು, ಕಾಲೇಜು ಹುಡುಗರು, ರೈತರು ಯಾರು ಬೇಕಾದರೂ ಮಾಡಬಹುದು. ಡಿಗ್ರಿ ಬೇಡ, ತಾಳ್ಮೆ ಬೇಕು. ನಾನು ಇಲ್ಲಿ ನಮ್ಮ ತಾಲ್ಲೂಕನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ, ನಿಮ್ಮ ತಾಲ್ಲೂಕಿಗೂ ಕ್ರಮ ಇದೇ.

ಯಾವುದನ್ನು ಪಟ್ಟಿಗೆ ಸೇರಿಸಬೇಕು?

ಮೊದಲ ತಪ್ಪು ಇಲ್ಲೇ ಆಗುತ್ತೆ. ಚೆಂದ ಕಾಣೋದನ್ನು ಮಾತ್ರ ಬರೆದುಕೊಳ್ಳುತ್ತೇವೆ. ಬಳ್ಳಿಗಾವಿಯ ಕೇದಾರೇಶ್ವರ ಗುಡಿಯನ್ನು ಎಲ್ಲರೂ ಬರೆದಿದ್ದಾರೆ, ಅದು ತಪ್ಪಿಹೋಗಲ್ಲ. ತಪ್ಪಿಹೋಗೋದು ಕೆರೆ ಏರಿಯ ಕೆಳಗೆ ಅರ್ಧ ಹೂತ ವೀರಗಲ್ಲು, ಸತಿ ಹೋದವಳ ನೆನಪಿಗೆ ಕೈಯೆತ್ತಿ ನಿಂತ ಮಾಸ್ತಿಕಲ್ಲು, ವ್ರತ ಹಿಡಿದು ಸತ್ತ ಜೈನರ ನೆನಪಿನ ನಿಸಿದಿ ಕಲ್ಲು, ಹೊಲದ ಬದುವಿನ ಲಿಂಗಮುದ್ರೆ ಕಲ್ಲು. ಕೆರೆಯ ಹಳೇ ತೂಬು, ಕೋಡಿ, ಕಲ್ಯಾಣಿ, ಕೋಟೆಯ ಮಣ್ಣು ದಿಬ್ಬ, ತೊಟ್ಟಿ ಮನೆ, ಅಂಕಣದ ಮನೆ, ಹಗೇವು (ಕಾಳು ತುಂಬೋ ನೆಲದ ಗುಂಡಿ), ಊರ ಚಾವಡಿ, ಹಳೇ ಶಾಲೆ ಕಟ್ಟಡ, ಇವೆಲ್ಲವೂ ಬರಲಿ. ಮಸೀದಿ, ದರ್ಗಾ, ಚರ್ಚು, ಗೋರಿ, ಗದ್ದುಗೆ ಯಾವುದನ್ನೂ ಬಿಡಬೇಡಿ. 100 ವರ್ಷ ಆಗಿದೆ ಅಂತ ಅನ್ನಿಸಿದರೆ ಸೇರಿಸಿ. ಅನುಮಾನ ಇದ್ದರೂ ಸೇರಿಸಿ. ಆಮೇಲೆ ತೆಗೆದುಹಾಕೋದು ಸುಲಭ, ಬಿಟ್ಟಿದ್ದನ್ನು ಹುಡುಕಿಕೊಂಡು ಮತ್ತೆ ಹೋಗೋದು ಕಷ್ಟ.

ಹೊರಡುವ ಮೊದಲು ಮನೆಯಲ್ಲಿ ಕೂತು

ಮೊದಲು ಊರುಗಳ ಪೂರ್ತಿ ಪಟ್ಟಿ ಮಾಡಿ. ಜನ ಇರೋ ಊರು ಮಾತ್ರ ಅಲ್ಲ. ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮಗಳು ಅಂತ ಇರುತ್ತವೆ, ಅಂದರೆ ಹೆಸರು ಉಳಿದಿದೆ, ಜನ ಇಲ್ಲ. ಪ್ಲೇಗಿಗೋ ಬರಕ್ಕೋ ದಂಡಿನ ಕಾಟಕ್ಕೋ ಊರು ಎದ್ದು ಹೋಗಿರುತ್ತೆ, ಗುಡಿ ಮತ್ತು ಕಲ್ಲುಗಳು ಅಲ್ಲೇ ನಿಂತಿರುತ್ತವೆ. ನಮ್ಮ ಬಂದಳಿಕೆಯನ್ನೇ ನೋಡಿ. ಒಂದು ಕಾಲಕ್ಕೆ ನಾಗರಖಂಡ ಅನ್ನೋ ಹಳೇ ನಾಡಿನ ದೊಡ್ಡ ಊರು, ಆಮೇಲೆ ಜನವಸತಿ ಹೋಗಿ ಶಾಂತಿನಾಥ ಬಸದಿ, ತ್ರಿಮೂರ್ತಿ ಗುಡಿ ಉಳಿದವು. ನನ್ನ ಪ್ರಕಾರ ಸಮೀಕ್ಷೆಯಲ್ಲಿ ಜಾಸ್ತಿ ಹೊಸದು ಸಿಗೋದು ಬೇಚರಾಕ್ ಊರುಗಳಲ್ಲೇ, ಯಾಕೆಂದರೆ ಅಲ್ಲಿ ಜೀರ್ಣೋದ್ಧಾರ ಮಾಡೋರು ಯಾರೂ ಇರಲ್ಲ.

ಆಮೇಲೆ ಆಗಲೇ ಆಗಿರೋ ಕೆಲಸ ಓದಿ. ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಿಮ್ಮ ತಾಲ್ಲೂಕು ಯಾವ ಸಂಪುಟದಲ್ಲಿದೆ ನೋಡಿ. ಶಿವಮೊಗ್ಗ ಜಿಲ್ಲೆ ಎರಡು ಸಂಪುಟದಲ್ಲಿದೆ, ಶಿಕಾರಿಪುರ 7ರಲ್ಲಿ, ಸೊರಬ, ಸಾಗರ, ತೀರ್ಥಹಳ್ಳಿ 8ರಲ್ಲಿ. ಹಳೇ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ನೋಡಿ, ರೈಸ್ ಆದಮೇಲೆ ಆರ್. ನರಸಿಂಹಾಚಾರ್, ಎಂ. ಎಚ್. ಕೃಷ್ಣ ಅವರ ಕಾಲದಲ್ಲಿ ಸಿಕ್ಕಿದ್ದೆಲ್ಲ ಅದರಲ್ಲಿದೆ. ಪ್ರತಿ ಶಾಸನದ ಜೊತೆ ಅದು ಆಗ ಎಲ್ಲಿತ್ತು ಅಂತ ಒಂದು ಸಾಲು ಇರುತ್ತೆ: ಇಂಥ ಗುಡಿಯ ಎಡಕ್ಕೆ, ಇಂಥ ಕೆರೆಯ ಕೋಡಿ ಹತ್ತಿರ. ಆ ಸಾಲನ್ನು ಬೇರೆ ಹಾಳೆಯಲ್ಲಿ ಊರುವಾರು ಬರೆದುಕೊಳ್ಳಿ. ಹೋದಾಗ ಅದು ಅಲ್ಲೇ ಇದೆಯಾ ಅಂತ ನೋಡೋದೇ ಅರ್ಧ ಸಮೀಕ್ಷೆ.

ನಕ್ಷೆಗೆ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನೀವು ನಿಂತಿರೋ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಭೂದಾಖಲೆ ಇಲಾಖೆಯ ಗ್ರಾಮ ನಕ್ಷೆಯನ್ನು ಇಳಿಸಿಕೊಂಡು ಪ್ರಿಂಟ್ ಮಾಡಿಸಿ, ಕಾಡಂಚಿನಲ್ಲಿ ನೆಟ್‌ವರ್ಕ್ ಕೈಕೊಡುತ್ತೆ. ಹೊಲಗಳ ಹೆಸರನ್ನೂ ಕೇಳಿ ಇಟ್ಟುಕೊಳ್ಳಿ. ಬಸದಿಗದ್ದೆ, ಗುಡಿಹೊಲ, ಹಾಳೂರು, ಕೋಟೆಹೊಲ, ಶಾಸನದ ಹೊಲ. ಬಸದಿ ಹೋಗಿ ನಾನೂರು ವರ್ಷ ಆಗಿದ್ದರೂ ಗದ್ದೆ ಹೆಸರಲ್ಲಿ ಅದು ಇರುತ್ತೆ.

ಕಾಲ ಯಾವುದು? ನಮ್ಮ ಕಡೆ ಜನವರಿಯಿಂದ ಏಪ್ರಿಲ್. ಭತ್ತ, ಜೋಳದ ಕಟಾವು ಆಗಿರುತ್ತೆ, ಹುಲ್ಲು ಒಣಗಿರುತ್ತೆ, ಬೇಲಿ ಸಂದಿಯ ಕಲ್ಲು ಕಣ್ಣಿಗೆ ಬೀಳುತ್ತೆ. ಮಳೆ ಮುಗಿದ ಕೂಡಲೇ ಹೋದರೆ ಎದೆಮಟ್ಟ ಹುಲ್ಲು, ಹಾವು ಬೇರೆ.

ಊರೊಳಗೆ ಹೋದಾಗ

ಮೊದಲು ಪಂಚಾಯ್ತಿಗೆ ಹೋಗಿ ಹೇಳಿ, ಸಾಧ್ಯವಾದರೆ ಒಂದು ಪತ್ರ ಬರೆಸಿಕೊಳ್ಳಿ. ಇದು ಸುಮ್ನೆ ಶಿಷ್ಟಾಚಾರಕ್ಕೆ ಅಲ್ಲ. ಹಾಳು ಗುಡಿಗಳ ಹತ್ತಿರ ನಿಧಿ ಆಸೆಗೆ ಅಗೆಯೋರ ಕಾಟ ಎಷ್ಟಿದೆ ಅಂದರೆ, ಹೊರಗಿನವರು ಟೇಪು, ಕ್ಯಾಮೆರಾ ಹಿಡಿದು ಓಡಾಡಿದರೆ ಊರವರಿಗೆ ಅನುಮಾನ ಬರೋದು ಸಹಜ. ಅದು ನ್ಯಾಯವಾದ ಅನುಮಾನ. ಇಬ್ಬರು ಮೂವರು ಹೋಗಿ, ಹಗಲಲ್ಲೇ ಹೋಗಿ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಆ ಒಬ್ಬರು ಇಲ್ಲದೆ ಯಾರ ಹೊಲಕ್ಕೂ ಕಾಲಿಡಬೇಡಿ.

ಇನ್ನು ಕೇಳೋ ರೀತಿ. "ನಿಮ್ಮೂರಲ್ಲಿ ಶಾಸನ ಇದೆಯಾ?" ಅಂದರೆ ಹತ್ತರಲ್ಲಿ ಒಂಬತ್ತು ಕಡೆ "ಏನೂ ಇಲ್ಲ ಸಾರ್" ಅಂತಲೇ ಉತ್ತರ. ಶಾಸನ ಅನ್ನೋದು ಪುಸ್ತಕದ ಮಾತು. ಹೀಗೆ ಕೇಳಿ ನೋಡಿ: ಬರಹ ಇರೋ ಕಲ್ಲು ಎಲ್ಲಾದರೂ ಇದೆಯಾ? ಕತ್ತಿ ಹಿಡಿದವರ ಚಿತ್ರ, ಕುದುರೆ ಚಿತ್ರ ಇರೋ ಕಲ್ಲು? ಹಬ್ಬದಲ್ಲಿ ಊರ ಹೊರಗೆ ಯಾವ ಕಲ್ಲಿಗೆ ಎಡೆ ಇಡ್ತೀರಿ? ಎತ್ತು ಮೈ ಉಜ್ಜೋ ಕಲ್ಲು ಯಾವುದು? ಉಳುವಾಗ ಎಲ್ಲಿ ಇಟ್ಟಿಗೆ, ಹೆಂಚಿನ ಚೂರು ಸಿಗುತ್ತೆ? ಹಳೇ ಊರು ಎಲ್ಲಿತ್ತು ಅಂತ ಹಿರಿಯರು ಹೇಳ್ತಿದ್ರು? ಆಗ ಮಾತು ಬಿಚ್ಚಿಕೊಳ್ಳುತ್ತೆ.

ಅರಳಿಕಟ್ಟೆಯ ಗಂಡಸರನ್ನು ಮಾತ್ರ ಕೇಳಿ ವಾಪಸ್ ಬರಬೇಡಿ. ಬಟ್ಟೆ ಒಗೆಯೋ ಕಲ್ಲಿನ ಅಡಿಯಲ್ಲಿ ಅಕ್ಷರ ಇದೆ ಅಂತ ಗೊತ್ತಿರೋದು ಹೆಂಗಸರಿಗೆ. ಕಾಡಲ್ಲಿ ಎಲ್ಲಿ ಏನಿದೆ ಅಂತ ಗೊತ್ತಿರೋದು ದನ, ಕುರಿ ಕಾಯೋರಿಗೆ. ಇವರನ್ನು ಕೇಳದೆ ಮಾಡಿದ ಪಟ್ಟಿ ಅರ್ಧ ಪಟ್ಟಿ ಅಂತ ನಾನು ಖಂಡಿತ ಹೇಳುತ್ತೇನೆ.

ರೈತರಿಗೆ ಒಂದು ಭಯ ಇದೆ. ಕಲ್ಲನ್ನು ಬರೆದುಕೊಂಡರೆ ಸರ್ಕಾರ ಜಮೀನು ಕಿತ್ತುಕೊಳ್ಳುತ್ತೆ ಅಂತ. ಇದಕ್ಕೆ ನೇರ ಉತ್ತರ ಕೊಡಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಅನ್ನೋ ನಿಯಮ 2010ರ ತಿದ್ದುಪಡಿಯಿಂದ ಕಾಯ್ದೆಯಲ್ಲೇ ಸೇರಿದೆ, ಅದು ಅಧಿಸೂಚನೆ ಆದ ಸ್ಮಾರಕಗಳಿಗೆ. ನಮ್ಮ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಯಾರ ಪಹಣಿಯೂ ಬದಲಾಗಲ್ಲ. ಅಷ್ಟು ಹೇಳಿದ ಮೇಲೂ ಬೇಡ ಅಂದರೆ ಒತ್ತಾಯ ಮಾಡಬೇಡಿ, ಇನ್ನೊಂದು ದಿನ ಹೋಗಿ.

ಕಲ್ಲಿನ ಮುಂದೆ ನಿಂತಾಗ

ಇಲ್ಲಿ ಆತುರ ಬೇಡ. ಮೊದಲು ಸುಮ್ಮನೆ ಒಂದು ಸುತ್ತು ಬನ್ನಿ, ಹಿಂಭಾಗ ನೋಡಿ, ಬದಿ ನೋಡಿ. ನಮ್ಮ ತಾಲ್ಲೂಕಿನದೇ ಮಳವಳ್ಳಿಯ ಕಂಬದಲ್ಲಿ ಸಾತಕರ್ಣಿ ಅರಸನ ಪ್ರಾಕೃತ ಬರಹ ಇದೆ, ಅದೇ ಕಂಬದಲ್ಲಿ ಆಮೇಲೆ ಬಂದ ಕದಂಬರ ಬರಹವೂ ಇದೆ. ಮೊದಲು ಕಂಡ ಬರಹಕ್ಕೆ ತೃಪ್ತಿಪಟ್ಟು ಹೊರಟರೆ ಒಂದು ರಾಜಮನೆತನವೇ ತಪ್ಪಿಹೋಗುತ್ತೆ.

ಆಮೇಲೆ ನಂಬರು ಕೊಡಿ. ಇದನ್ನು ಜಾಗದಲ್ಲೇ ಕೊಡಬೇಕು, ಮನೆಗೆ ಬಂದ ಮೇಲೆ ಅಲ್ಲ. ನಾವು ಶುರು ಮಾಡಿದ ವರ್ಷ ಒಂದೇ ದಿನ ಮೂರು ಊರು ಮಾಡಿದೆವು. ರಾತ್ರಿ ಫೋಟೊ ತೆರೆದರೆ ಎರಡು ವೀರಗಲ್ಲು ಯಾವ ಊರಿನವು ಅಂತಲೇ ಗೊತ್ತಾಗಲಿಲ್ಲ, ಮತ್ತೆ ಹೋಗಬೇಕಾಯಿತು. ಈಗ ಹೋಬಳಿ, ಗ್ರಾಮ, ಕ್ರಮಸಂಖ್ಯೆ ಇರೋ ಚೀಟಿ ಬರೆದು, ಅದನ್ನೇ ಮೊದಲ ಫೋಟೊ ತೆಗೆಯುತ್ತೇವೆ. ಉದಾಹರಣೆಗೆ ಉಡುಗಣಿ ಹೋಬಳಿಯ ಊರಾದರೆ ಉಡು, ಊರಿನ ಹೆಸರು, 03. ದಿನಕ್ಕೆ ಒಂದೇ ಊರು.

ಫೋಟೊ ತೆಗೆಯೋಕೂ ಒಂದು ಕ್ರಮ ಇರಲಿ. ದೂರದಿಂದ ಒಂದು, ಸುತ್ತಲ ಮರ, ಮನೆ, ದಾರಿ ಕಾಣೋ ಹಾಗೆ. ಆಮೇಲೆ ನಾಲ್ಕು ಕಡೆಯಿಂದ. ಆಮೇಲೆ ಅಳತೆ ಕೋಲು ಪಕ್ಕದಲ್ಲಿ ಇಟ್ಟು ನೇರ ಎದುರಿನಿಂದ. ಕೊನೆಗೆ ಬರಹದ ಹತ್ತಿರದ ಚಿತ್ರ, ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪ ಒಂದರ ಮೇಲೊಂದು ಬರೋ ಹಾಗೆ. ಸವೆದ ಅಕ್ಷರ ನಡುಮಧ್ಯಾಹ್ನ ಕಾಣಲ್ಲ, ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲು ಬೇಕು. ಗುಡಿಯ ಒಳಗಿದ್ದರೆ ಟಾರ್ಚನ್ನು ಕಲ್ಲಿಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿಯಿರಿ. ಒಂದು ಸಾಧಾರಣ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಿದರೂ ಅಕ್ಷರ ಎದ್ದು ಬರುತ್ತೆ, ಮೊದಲ ಸಲ ಹಾಗೆ ಬರಹ ಮೂಡಿದಾಗ ಆಗೋ ಸಂತೋಷ ಹೇಳೋಕಾಗಲ್ಲ.

ಜಿಪಿಎಸ್ ಅಂಕಿಗಳನ್ನು ಕಲ್ಲಿನ ಪಕ್ಕದಲ್ಲೇ ನಿಂತು ಬರೆದುಕೊಳ್ಳಿ. ದಶಮಾಂಶದ ಮುಂದೆ ಐದು ಅಂಕಿ ಸಾಕು, ಅದು ಸುಮಾರು ಒಂದು ಮೀಟರಿನ ಲೆಕ್ಕ. ಫೋನು ಬಯಲಲ್ಲೇ ಮೂರು, ನಾಲ್ಕು ಮೀಟರ್ ಆಚೀಚೆ ತೋರಿಸುತ್ತೆ, ಮರದಡಿ ಇನ್ನೂ ಜಾಸ್ತಿ. ಅದಕ್ಕೇ ಮಾತಲ್ಲೂ ಬರೆಯಿರಿ: ಕೆರೆ ಕೋಡಿಯಿಂದ ಉತ್ತರಕ್ಕೆ 40 ಹೆಜ್ಜೆ, ಹುಣಸೆ ಮರದ ಬಲಕ್ಕೆ, ಮುಖ ಪೂರ್ವಕ್ಕೆ. ನಮ್ಮ ತಾಲ್ಲೂಕಲ್ಲಿ ಮೊದಲ ಅಂಕಿ 14ರಿಂದ, ಎರಡನೆಯದು 75ರಿಂದ ಶುರುವಾಗಬೇಕು. ತಿರುವುಮುರುವಾದರೆ ಅಲ್ಲೇ ತಿದ್ದಿಕೊಳ್ಳಬಹುದು.

ಜಾಗದ ವಿಷಯಕ್ಕೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ಎಷ್ಟೋ ಕಲ್ಲುಗಳ ಅರ್ಥವೇ ಅವು ನಿಂತ ಜಾಗ. ಲಿಂಗಮುದ್ರೆ ಕಲ್ಲು ಹೊಲದ ಗಡಿಯಲ್ಲಿದ್ದರೆ ಆ ಭೂಮಿ ಶಿವನ ಗುಡಿಗೆ ಬಿಟ್ಟದ್ದು ಅಂತ ತಿಳಿಯುತ್ತೆ. ಕೊಡೆ ಹಿಡಿದ ಗಿಡ್ಡ ವಾಮನ ಇದ್ದರೆ ಬ್ರಾಹ್ಮಣರಿಗೆ ಅಥವಾ ವಿಷ್ಣು ಗುಡಿಗೆ ಬಿಟ್ಟ ಭೂಮಿ, ಮುಕ್ಕೊಡೆ ಇದ್ದರೆ ಬಸದಿಯದು. ಅದೇ ಕಲ್ಲನ್ನು ಭಕ್ತಿಯಿಂದಲೇ ಎತ್ತಿ ತಂದು ಊರ ಗುಡಿಯ ಮುಂದೆ ನೆಟ್ಟರೆ ಕಲ್ಲು ಉಳಿಯುತ್ತೆ, ಗಡಿ ಅಳಿಸಿಹೋಗುತ್ತೆ. ಹಾಗೆ ಆಗಲೇ ಎತ್ತಿ ತಂದಿದ್ದರೆ, ಮೊದಲು ಎಲ್ಲಿತ್ತು ಅಂತ ಕಂಡವರು ಊರಲ್ಲಿ ಒಬ್ಬರಾದರೂ ಇರುತ್ತಾರೆ. ಅವರನ್ನು ಹುಡುಕಿ, ಅವರ ಜೊತೆ ಆ ಜಾಗಕ್ಕೆ ನಡೆದು ಹೋಗಿ, ಅಲ್ಲಿಯ ಅಂಕಿಗಳನ್ನೂ ಬರೆದುಕೊಳ್ಳಿ.

ಇನ್ನು ಕಲ್ಲನ್ನು ವಿವರಿಸೋದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು ಇದ್ದರೆ ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋಗೋರನ್ನು ತಡೆದು ಸತ್ತವನ ಕಲ್ಲು. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ತೋಳು ಮೇಲೆದ್ದಿರುತ್ತೆ, ಕೈಯಲ್ಲಿ ಹೆಚ್ಚಾಗಿ ನಿಂಬೆಹಣ್ಣು. ಎತ್ತರ, ಅಗಲ, ದಪ್ಪ, ಎಷ್ಟು ಪಟ್ಟಿಕೆ, ಎಷ್ಟು ಸಾಲು ಬರಹ, ಒಡೆದಿದೆಯಾ, ಬಣ್ಣ ಬಳಿದಿದ್ದಾರಾ, ಎಲ್ಲ ಬರೆಯಿರಿ.

ಪುಸ್ತಕದಲ್ಲಿ ಮೂರು ಕಲಂ ಇರಲಿ. ಕಂಡದ್ದು, ಕೇಳಿದ್ದು, ಅಂದಾಜು. "ಮೂರು ಪಟ್ಟಿಕೆ, ಬಳಪದ ಕಲ್ಲು, ನಾಲ್ಕು ಸಾಲು ಬರಹ" ಅನ್ನೋದು ಕಂಡದ್ದು. "ಪಾಂಡವರು ನೆಟ್ಟಿದ್ದು ಅಂತಾರೆ, ದೀಪಾವಳಿಗೆ ಎಡೆ ಇಡ್ತಾರೆ" ಅನ್ನೋದು ಕೇಳಿದ್ದು. "12ನೇ ಶತಮಾನ ಇರಬಹುದು" ಅನ್ನೋದು ಅಂದಾಜು. ಈ ಮೂರನ್ನು ಬೆರೆಸಿದ ಪಟ್ಟಿ ಯಾರಿಗೂ ಕೆಲಸಕ್ಕೆ ಬರಲ್ಲ. ಹಾಗಂತ ಊರವರ ಕಥೆಯನ್ನು ಬಿಡಲೂ ಬಾರದು. ಪಾಂಡವರ ಹೆಸರು ಹೇಳೋ ಕಡೆ ಎಷ್ಟೋ ಸಲ ಕಬ್ಬಿಣ ಯುಗದ ಬೃಹತ್ ಶಿಲಾ ಗೋರಿಗಳಿರುತ್ತವೆ. ಕೊಪ್ಪಳದ ಹಿರೇಬೆಣಕಲ್‌ನಲ್ಲಿ ಜನ ಅವನ್ನು ಮೋರೇರ ಮನೆ ಅಂತ ಕರೆಯುತ್ತಾರೆ.

ಬರಹದಲ್ಲಿ ಶಕವರ್ಷ ಓದಲು ಬಂದರೆ 78 ಕೂಡಿಸಿ, ಕ್ರಿ.ಶ. ಬರುತ್ತೆ, ಒಂದು ವರ್ಷ ಆಚೀಚೆ ಆಗಬಹುದು. ಬಳ್ಳಿಗಾವಿಯ ಗಂಡಭೇರುಂಡ ಕಂಬವನ್ನು ಚಾವುಂಡರಾಯರಸ ನಿಲ್ಲಿಸಿದ್ದು 1047ರಲ್ಲಿ, ಅಂದರೆ ಶಕ 969. ಬರೀ ಸಂವತ್ಸರದ ಹೆಸರು ಇದ್ದರೆ ಸಾಲದು, ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತೆ.

ಗುಡಿ ಮತ್ತು ಮನೆ

ಗುಡಿಗೆ ಒಂದು ಕೈನಕ್ಷೆ ಬೇಕೇ ಬೇಕು. ಅಂದ ಚೆಂದ ಬೇಡ. ಗರ್ಭಗುಡಿ, ಅದರ ಮುಂದಿನ ಸುಕನಾಸಿ, ಕಂಬಗಳಿರೋ ನವರಂಗ ಎಲ್ಲೆಲ್ಲಿ, ಕಂಬ ಎಷ್ಟು, ಉತ್ತರ ಯಾವ ಕಡೆ, ಟೇಪಿನ ಅಳತೆ. ಬಾಗಿಲುವಾಡದ ನೆತ್ತಿಯಲ್ಲಿ ಗಜಲಕ್ಷ್ಮಿ ಇದ್ದಾಳಾ, ಜಿನ ಇದ್ದಾನಾ ನೋಡಿ, ಗುಡಿ ಮೊದಲು ಯಾರದಾಗಿತ್ತು ಅನ್ನೋದಕ್ಕೆ ಅದು ಸುಳಿವು. ಚಾಲುಕ್ಯರ ಕಾಲದ ತಿರುಗಣಿ ಕಂಬ (ಬುಗುರಿ ಹಾಗೆ ಕಡೆದ ದುಂಡು ಕಂಬ) ಇದ್ದ ಮಾತ್ರಕ್ಕೆ ಇಡೀ ಗುಡಿ ಆ ಕಾಲದ್ದು ಅಂತ ಬರೆಯಬೇಡಿ, ಹಾಳು ಗುಡಿಯ ಕಂಬ ತಂದು ಹೊಸದು ಕಟ್ಟೋದು ಹಿಂದಿನಿಂದಲೂ ಇದೆ. ಗರ್ಭಗುಡಿಯೊಳಗೆ ಫೋಟೊಗೆ ಪೂಜಾರಿಯವರನ್ನು ಕೇಳಿ. ಬೇಡ ಅಂದರೆ ಬಾಗಿಲಲ್ಲೇ ನಿಂತು ಕೈಯಲ್ಲಿ ಬರೆದುಕೊಳ್ಳಿ.

ಹಳೇ ಮನೆಗಳ ವಿಷಯದಲ್ಲಿ ಬೇಗ ಮಾಡಬೇಕು, ಕಲ್ಲಿಗಿಂತ ಬೇಗ ಹೋಗೋದು ಮಣ್ಣು ಗೋಡೆ ಮತ್ತು ಮರದ ಕಂಬ. ಎಷ್ಟು ಅಂಕಣ (ಕಂಬ ಕಂಬದ ನಡುವಿನ ಜಾಗ), ತೊಟ್ಟಿ ಇದೆಯಾ, ಮೇಲೆ ನಾಡಹೆಂಚೋ ಮಂಗಳೂರು ಹೆಂಚೋ, ಹೆಂಚಿನ ಮೇಲೆ ಕಂಪನಿ ಹೆಸರು ಇದೆಯಾ ಅಂತ ನೋಡಿ. ಮನೆಯವರ ಒಪ್ಪಿಗೆ ಇಲ್ಲದೆ ಒಳಗಿನ ಚಿತ್ರ ಹಂಚಬೇಡಿ.

ಮಾಡಬಾರದ್ದು

ಅಗೆಯಬೇಡಿ. ಕಲ್ಲು ಎತ್ತಬೇಡಿ, ನೆಟ್ಟಗೆ ನಿಲ್ಲಿಸಲೂ ಹೋಗಬೇಡಿ. ಅಕ್ಷರ ಕಾಣಲಿ ಅಂತ ತಂತಿ ಬ್ರಷ್, ಆಸಿಡ್, ಸೋಪಿನ ಪುಡಿ, ಚಾಕ್‌ಪೀಸ್ ಯಾವುದೂ ಬೇಡ. ನೀರು ಮತ್ತು ಮೆತ್ತನೆ ಬ್ರಷ್ ಸಾಕು, ಕಲ್ಲು ಪದರ ಪದರವಾಗಿ ಏಳುತ್ತಿದ್ದರೆ ಅದೂ ಬೇಡ. ಕಾಗದ ಒತ್ತಿ ಪಡಿಯಚ್ಚು ತೆಗೆಯೋದು ಕಲಿತವರ ಕೆಲಸ. ಈಗ ಅಚ್ಚಿಲ್ಲದೆಯೂ ಮಾಡಬಹುದು, ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಅಕ್ಷರ ಭಂಡಾರದಲ್ಲಿ ಇಟ್ಟಿದ್ದಾರೆ, ಒಂದೊಂದು ಅಕ್ಷರವನ್ನೂ ತೆರೆದು ನೋಡಬಹುದು. ಹಳೇ ಲಿಪಿ ಕಲಿಯೋರಿಗೆ ಅದು ತುಂಬಾ ಸಹಾಯ.

ಮನೆ ಪಾಯ ತೆಗೆಯುವಾಗ ನಾಣ್ಯ, ಒಡವೆ ಏನಾದರೂ ಸಿಕ್ಕಿದೆ ಅಂತ ಯಾರಾದರೂ ತೋರಿಸಿದರೆ ತಹಶೀಲ್ದಾರರಿಗೆ ತಿಳಿಸಲು ಹೇಳಿ. ಕರ್ನಾಟಕ ನಿಧಿ ನಿಕ್ಷೇಪ ಕಾಯ್ದೆ 1962ರಿಂದಲೇ ಇದೆ.

ಪಟ್ಟಿಯನ್ನು ಏನು ಮಾಡೋದು?

ಅದೇ ವಾರ ಕಂಪ್ಯೂಟರಿಗೆ ಹಾಕಿ, ಒಂದು ಸಾಲಿಗೆ ಒಂದು ವಸ್ತು. ಫೋಟೊ ಕಡತಕ್ಕೆ ಅದೇ ನಂಬರ್. ಎರಡು ಕಡೆ ಉಳಿಸಿ. ರೈಸ್ ಅವರ ಪಟ್ಟಿಯ ಜೊತೆ ತಾಳೆ ನೋಡಿ, ಸಿಕ್ಕಿದ್ದು, ಸಿಗದಿದ್ದು, ಹೊಸದು ಅಂತ ಗುರುತು ಹಾಕಿ. ಹೊಸ ಶಾಸನ ಅನ್ನಿಸಿದರೆ ಪತ್ರಿಕೆಗೆ ಕೊಡುವ ಮೊದಲು ಶಾಸನ ಓದೋರಿಗೆ ತೋರಿಸಿ.

ಪೂರ್ತಿ ಪಟ್ಟಿಯನ್ನು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಕಳಿಸಿ. ಎಲ್ಲರಿಗೂ ಕಾಣೋ ಕಡೆ ಹಾಕುವಾಗ ಕಾವಲಿಲ್ಲದ ಮೂರ್ತಿಗಳ ನಿಖರ ಜಾಗ ಹಾಕಬೇಡಿ, ಊರ ಹೆಸರು ಸಾಕು. ಮೂರ್ತಿ ಕದಿಯೋರೂ ನಿಧಿ ಹುಡುಕೋರೂ ಓದುತ್ತಾರೆ ಅನ್ನೋದು ನೆನಪಿರಲಿ.

ಆಯಾ ಊರಿನ ಹಾಳೆಗಳನ್ನು ಫೋಟೊ ಸಮೇತ ಪ್ರಿಂಟ್ ಮಾಡಿಸಿ ಪಂಚಾಯ್ತಿಗೆ, ಶಾಲೆಗೆ, ಗುಡಿ ಕಮಿಟಿಗೆ ಕೊಡಿ. ಗುಡಿ ಕಮಿಟಿಗೆ ತಪ್ಪದೆ ಕೊಡಿ. ನಾನು ಒಂದು ಊರಿಗೆ ಹಾಳೆ ಕೊಡೋದು ತಡ ಮಾಡಿದೆ. ಅಷ್ಟರಲ್ಲಿ ಜೀರ್ಣೋದ್ಧಾರ ಆಗಿ, ಬರಹ ಇದ್ದ ಕಲ್ಲು ಹೊಸ ಮೆಟ್ಟಿಲ ಅಡಿಗೆ ಹೋಗಿತ್ತು. ಅಲ್ಲಿಯವರು ಕೆಟ್ಟವರಲ್ಲ, ಅದು ಏನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಈಗ ನಮ್ಮ ಹತ್ತಿರ ಇರೋದು ಆ ಕಲ್ಲಿನ ಆರು ಫೋಟೊ.

ಎರಡು ವರ್ಷಕ್ಕೊಮ್ಮೆ ಅದೇ ಹಾಳೆ ಹಿಡಿದು ಅದೇ ಊರಿಗೆ ಹೋಗಿ, ಒಂದೊಂದನ್ನೇ ನೋಡಿ ಟಿಕ್ ಹಾಕಿ. ರಸ್ತೆ ಅಗಲ ಮಾಡುವಾಗ ಕಲ್ಲು ಸರಿಸಿದ್ದರೆ ಹಳೇ ಜಾಗದ ಅಂಕಿ ಅಳಿಸಬೇಡಿ. ಅದರ ಕೆಳಗೆ ಹೊಸ ಜಾಗ, ತಾರೀಖು, ಸರಿಸಿದ್ದು ಯಾಕೆ ಅಂತ ಬರೆಯಿರಿ. ಕಲ್ಲೇ ಇಲ್ಲದಿದ್ದರೂ ಆ ಸಾಲು ತೆಗೆಯಬೇಡಿ, ಕೊನೆಯ ಸಲ ಯಾವ ದಿನ ಕಂಡಿರಿ ಅನ್ನೋದನ್ನು ಅದರಲ್ಲೇ ಬರೆದಿಡಿ.